ಬರೀ ಮುಲ್ಲರ್ ಅನ್ನೋ ಹೆಸರು ನೋಡಿ ಗೆರೆ ಎಳೀಬೇಡಿ ಮೇಡಂ

ಮೇಡಂ, ನೀವು ಇಲ್ಲಿ ಹಾಕಿರೋ ನಿಮ್ಮ ಜರ್ಮನ್ ಅಳಿಯಂದಿರ ವಂಶವೃಕ್ಷ ನೋಡ್ದೆ. ಅವರ ಮುತ್ತಜ್ಜನನ್ನ ಮಂಗಳೂರು ಕಂಕನಾಡಿಯ ಫಾದರ್ ಮುಲ್ಲರ್‌ಗೆ ತಮ್ಮ ಅಂತ ಹಾಕಿದೀರಿ, ಅಲ್ಲಿಂದ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್‌ಗೂ ಗೆರೆ ಎಳೆದಿದೀರಿ. ಎರಡನ್ನೂ ದಯವಿಟ್ಟು ಅಳಿಸಿ. ನಾನೂ ಮೊದಮೊದಲು ಸರ್‌ನೇಮ್ ಹಿಡ್ಕೊಂಡೇ ಹುಡುಕಿ ಯಾರದೋ ಮನೆತನದಲ್ಲಿ ಸಿಕ್ಕಾಕೊಂಡಿದ್ದೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಜರ್ಮನಿಲಿ ಅತಿ ಹೆಚ್ಚು ಜನಕ್ಕಿರೋ ಸರ್‌ನೇಮೇ ಇದು, ಸ್ವಿಟ್ಜರ್ಲೆಂಡಲ್ಲೂ ಅಷ್ಟೇ. ಮುಲ್ಲರ್ ಅಂದ್ರೆ ಗಿರಣಿಯವನು. ಹಳ್ಳ ಹರಿಯೋ ಕಡೆಯೆಲ್ಲ ಹಿಟ್ಟಿನ ಗಿರಣಿ, ಗಿರಣಿಗೊಬ್ಬ ಮುಲ್ಲರ್. ಎಷ್ಟೋ ಕಡೆ ಧಣಿ ಹೇಳಿದ ಗಿರಣಿಗೇ ರೈತರು ಕಾಳು ಒಯ್ಯಬೇಕು ಅನ್ನೋ ಕಟ್ಟಳೆ ಬೇರೆ ಇತ್ತು. ಮಧ್ಯಯುಗದ ಕೊನೇಲಿ ಕಸುಬಿನ ಹೆಸರು ಮನೆತನಕ್ಕೆ ಅಂಟಿಕೊಂಡಾಗ ಒಂದೊಂದು ಊರಲ್ಲೂ ಬೇರೆಬೇರೆಯಾಗೇ ಅಂಟಿಕೊಳ್ತು. ನಮ್ಮಲ್ಲಿ ಪಟೇಲ್ರು, ಶಾನುಭೋಗ್ರು ಎಲ್ಲ ಒಂದೇ ಮನೆಯವರಾ ಹೇಳಿ. ಆಮೇಲೆ ಕಸುಬು ಬಿಟ್ರೂ ಹೆಸರು ಬಿಡಲ್ಲ, ಮ್ಯಾಕ್ಸ್ ಮುಲ್ಲರ್ ತಂದೆ ವಿಲ್ಹೆಲ್ಮ್ ಕವಿ, ಆ ವಿಲ್ಹೆಲ್ಮ್ ತಂದೆ ಡೆಸ್ಸಾವ್ ಊರಲ್ಲಿ ದರ್ಜಿ. ಅವರದು ಪ್ರಾಟೆಸ್ಟೆಂಟ್ ಮನೆತನ. 1880ರಲ್ಲಿ ಕಂಕನಾಡಿಲಿ ಹೋಮಿಯೋಪತಿ ಔಷಧಿ ಕೊಡೋಕೆ ಶುರು ಮಾಡಿದ ಫಾದರ್ ಕ್ಯಾಥೊಲಿಕ್ ಜೆಸ್ವಿಟ್.

ನಂಗೆ ಕೆಲಸಕ್ಕೆ ಬಂದಿದ್ದು ಮೊದಲು ಊರು, ಆಮೇಲೆ ಸಾಕ್ಷಿ ನಿಂತವರು, ಹೆಸರು ಕೊನೆಗೆ. ಕ್ಯಾಥೊಲಿಕ್ ಚರ್ಚಿನ ಹಳೇ ಪುಸ್ತಕ ಲ್ಯಾಟಿನ್‌ನಲ್ಲಿರತ್ತೆ, ಅಲ್ಲಿ ಮುಲ್ಲರ್‌ನ ಮೊಲಿಟರ್ ಅಂತ ಬರೆದಿರ್ತಾರೆ, ಷ್ನೈಡರ್‌ನ, ಅಂದ್ರೆ ದರ್ಜಿನ, ಸಾರ್ಟರ್ ಅಂತ. ಅದೇ ಮನುಷ್ಯ ಒಂದು ಕಡೆ ಮುಲ್ಲರ್, ಇನ್ನೊಂದು ಕಡೆ ಮೊಲಿಟರ್. 'ಯೊಹಾನೆಸ್ ಮೊಲಿಟರ್, ಸಾರ್ಟರ್' ಅಂತಿದ್ರೆ ಮೊದಲನೇದು ಸರ್‌ನೇಮ್, ಕಾಮಾ ಆದ್ಮೇಲಿಂದು ಕಸುಬು, ಅಂದ್ರೆ ಮುಲ್ಲರ್ ಅನ್ನೋ ದರ್ಜಿ. ಕಾಮಾ ಎಲ್ಲಾ ಪಾದ್ರಿಗಳೂ ಹಾಕ್ತಿರಲಿಲ್ಲ, ಹುಷಾರು. ಉತ್ತರದ ಕಡೆ ಮೋಲ್ಲರ್ ಅಂತಾನೂ ಹುಡುಕಿ. ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತ್ಯ ಆದ್ರೆ ಇನ್ನೂ ಕಷ್ಟ, ಅಲ್ಲಿ ಮನೆಅಳಿಯ ಆಗಿ ಹೋದವನು ಆ ಹೊಲಮನೆ ಹೆಸರನ್ನೇ ಇಟ್ಕೊಳ್ತಿದ್ದ, ಅಣ್ಣತಮ್ಮಂದಿರಿಗೇ ಬೇರೆಬೇರೆ ಸರ್‌ನೇಮ್ ಸಿಗತ್ತೆ.

ಜ್ಞಾನಸ್ನಾನದ ಎಂಟ್ರಿಲಿ ಮಗುವಿನ ಹೆಸರು ಮಾತ್ರ ಕಾಪಿ ಮಾಡಿ ಎದ್ದೋಗಬೇಡಿ. ಗಾಡ್‌ಫಾದರ್, ಗಾಡ್‌ಮದರ್ ಯಾವ ಊರಿನವರು ಅಂತ ಬರ್ಕೊಳ್ಳಿ. ಗಿರಣಿಯವರು ಗುತ್ತಿಗೆ ಮುಗಿದ್ರೆ ಬೇರೆ ಊರಿಗೆ ಹೋಗ್ತಿದ್ರು, ಸಂಬಂಧ ಬೆಳೆಸ್ತಿದ್ದಿದ್ದೂ ಹೆಚ್ಚಾಗಿ ಗಿರಣಿ ಮನೆಗಳ ಜೊತೇನೇ, ಅವರು ಮೊದಲು ಎಲ್ಲಿದ್ರು ಅನ್ನೋ ಸುಳಿವು ಈ ಹೆಸರುಗಳಲ್ಲೇ ಸಿಗತ್ತೆ.

ಚರ್ಚ್ ಪುಸ್ತಕ ಆನ್‌ಲೈನಲ್ಲಿ ನೋಡೋಕೆ, ಕ್ಯಾಥೊಲಿಕ್ ಆದ್ರೆ ಮಾಟ್ರಿಕುಲಾ ವೆಬ್‌ಸೈಟ್, ಫ್ರೀ, ನನ್ನ ಓಟು ಅದಕ್ಕೇ. ಪ್ರಾಟೆಸ್ಟೆಂಟ್ ಆದ್ರೆ ಆರ್ಕಿಯಾನ್, ದುಡ್ಡು ಕೊಡಬೇಕು, ಆದ್ರೆ ಮೊದಲು ಫ್ಯಾಮಿಲಿಸರ್ಚ್ ವೆಬ್‌ಸೈಟ್ ಪೂರ್ತಿ ಜಾಲಾಡಿ. ಮುಲ್ಲರ್ ಮನೆತನದ ಲಾಂಛನ ಅಂತ ಫ್ರೇಮ್ ಹಾಕಿ ಮಾರೋರಿಗೆ ಮಾತ್ರ ಒಂದು ರೂಪಾಯಿನೂ ಕೊಡಬೇಡಿ, ಒಂದು ಸರ್‌ನೇಮ್‌ನವರಿಗೆಲ್ಲ ಸೇರಿ ಒಂದು ಲಾಂಛನ ಅನ್ನೋದೇ ಇಲ್ಲ. ಇನ್ನು ಇಲ್ಲಿ ಕಿಟೆಲ್, ರಿಕ್ಟರ್ ಅಂತ ಬಾಸೆಲ್ ಮಿಷನ್‌ನವರನ್ನ ಹುಡುಕ್ತಿರೋರು ಇದರಲ್ಲೆಲ್ಲ ಅಲೀಬೇಡಿ, ಬಾಸೆಲ್‌ನಲ್ಲಿರೋ ಮಿಷನ್ ಆರ್ಕೈವ್‌ನ ಫೋಟೋ ಸಂಗ್ರಹ ಆನ್‌ಲೈನಲ್ಲೇ ಇದೆ.

ಮೇಡಂ, ಜರ್ಮನಿ ಪೂರ್ತಿ ಸರ್ಕಾರಿ ಜನನ ಮರಣ ಮದುವೆ ನೋಂದಣಿ ಶುರುವಾಗಿದ್ದು 1876ರಿಂದ. ಮುತ್ತಜ್ಜನ ಮದುವೆ ದಾಖಲೆ ತರಿಸಿ, ಅದರಲ್ಲಿ ಅಪ್ಪಅಮ್ಮನ ಹೆಸರು, ಊರು ಸಿಗತ್ತೆ. ಮದುವೆಯಾಗಿ 80 ವರ್ಷ ಆಗಿಲ್ಲ ಅಂದ್ರೆ ಹೊರಗಿನವರಿಗೆ ಸುಲಭಕ್ಕೆ ಕೊಡಲ್ಲ, ಅರ್ಜಿ ಅಳಿಯಂದಿರ ಹೆಸರಲ್ಲೇ ಹಾಕ್ಸಿ. ಬಂದ್ಮೇಲೆ ಪೂರ್ತಿ ಹಾಳೆ ಫೋಟೋ ಇಲ್ಲಿ ಹಾಕಿ, ಕ್ರಾಪ್ ಮಾಡಬೇಡಿ, ಅಂಚಲ್ಲಿ ಆಮೇಲೆ ಬರೆದ ಟಿಪ್ಪಣಿಗಳೂ ಬೇಕು. ಆ ಹಳೇ ಕೈಬರಹ ನಾನು ಓದಿಕೊಡ್ತೀನಿ.