ಹಳೆಯ ಡೀಸೆಲ್ ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ ದೋಷವನ್ನು ಹುಡುಕುವುದು ಹೇಗೆ?

ಯಾವ ಭಾಗವನ್ನೂ ಬಿಚ್ಚುವ ಮೊದಲು, ಕೀಲಿ ತಿರುಗಿಸಿದಾಗ ಇಂಜಿನ್ ತಿರುಗುತ್ತಲೇ ಇಲ್ಲವೇ ಅಥವಾ ತಿರುಗಿಯೂ ಚಾಲೂ ಆಗುತ್ತಿಲ್ಲವೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ತಿರುಗದಿದ್ದರೆ ಅಥವಾ ನಿಧಾನವಾಗಿ ತಿರುಗಿದರೆ ದೋಷವು ಸಾಮಾನ್ಯವಾಗಿ ವಿದ್ಯುತ್ ಭಾಗದಲ್ಲಿರುತ್ತದೆ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿಯು ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಬ್ಯಾಟರಿ ಸರಿಯಿದ್ದೂ ಕೇಬಲ್ ಬಿಸಿಯಾಗುತ್ತಿದ್ದರೆ, ತುಕ್ಕು ಹಿಡಿದ ಅರ್ಥ್ ಜೋಡಣೆಯನ್ನು (ಬ್ಯಾಟರಿಯ ಕೇಬಲ್ ಟ್ರ್ಯಾಕ್ಟರಿನ ಲೋಹದ ಮೈಗೆ ಸೇರುವ ಜಾಗ) ಉಜ್ಜಿ ಸ್ವಚ್ಛಗೊಳಿಸದೆ ಹೊಸ ಸ್ಟಾರ್ಟರ್ (ಇಂಜಿನ್ ತಿರುಗಿಸುವ ಮೋಟರ್) ಕೊಳ್ಳುವುದು ದಂಡದ ಖರ್ಚು.

ಚೆನ್ನಾಗಿ ತಿರುಗಿಯೂ ಚಾಲೂ ಆಗದಿದ್ದರೆ ಸೈಲೆನ್ಸರ್ ಕಡೆ ನೋಡಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇರೊಂದಿಲ್ಲ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಸಿಲಿಂಡರನ್ನು ತಲುಪುತ್ತಿಲ್ಲ. ಆಗ ಇಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ನಾಬ್ ಪೂರ್ತಿ ಒಳಗೆ ಹೋಗಿದೆಯೇ, ಟ್ಯಾಂಕಿನ ಕಾಕ್ ತೆರೆದಿದೆಯೇ, ಫಿಲ್ಟರ್ ಕಟ್ಟಿಕೊಂಡಿದೆಯೇ ಎಂದು ಪರೀಕ್ಷಿಸಿ, ಬಳಿಕ ಫಿಲ್ಟರಿನ ಬ್ಲೀಡಿಂಗ್ ಸ್ಕ್ರೂ (ಒಳಗಿನ ಗಾಳಿ ಬಿಡುವ ತಿರುಪು) ಸಡಿಲಿಸಿ, ಗುಳ್ಳೆಗಳಿಲ್ಲದ ಡೀಸೆಲ್ ಹರಿಯುವವರೆಗೆ ಕೈಪಂಪು ಒತ್ತಿ ಗಾಳಿಯನ್ನು ಹೊರಹಾಕಬೇಕು. ಸಣ್ಣ ವಾಷರೊಂದು ಸವೆದಿದ್ದರೂ ಗಾಳಿ ಮತ್ತೆ ಒಳಸೇರುತ್ತದೆ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಆಗ ಹೀಟರ್ ಪ್ಲಗ್ (ತಣ್ಣಗಿನ ಇಂಜಿನ್ನಿನ ಒಳಭಾಗವನ್ನು ಬಿಸಿಮಾಡುವ ಭಾಗ), ಇಂಜೆಕ್ಟರ್ (ಡೀಸೆಲ್ ಸಿಂಪಡಿಸುವ ಭಾಗ) ಮತ್ತು ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿಯ ಒತ್ತಡ) ಪರೀಕ್ಷಿಸಿ. ಹೀಟರ್ ಪ್ಲಗ್ ಇರುವ ಇಂಜಿನ್ನಿಗೆ ಬೇಗ ಸ್ಟಾರ್ಟ್ ಆಗಲೆಂದು ಬಳಸುವ ಈಥರ್ ಸ್ಪ್ರೇ ಹಾಕಲೇಬೇಡಿ, ಅದು ಅಕಾಲದಲ್ಲಿ ಸಿಡಿದು ಪಿಸ್ಟನ್ನನ್ನೇ ಒಡೆಯಬಹುದು.