ಗಣಿತ ಬರುತ್ತದೆ, ಕಲಿಸಲು ಬರುತ್ತಾ?

ಪ್ರಶ್ನೆ: ಹೈಸ್ಕೂಲಿನಲ್ಲಿ ಗಣಿತ ಕಲಿಸಬೇಕು ಅಂತ ಬಿ.ಎಡ್.ಗೆ ಸೇರಿದ್ದೇನೆ. ನನಗೆ ಗಣಿತ ಚೆನ್ನಾಗಿಯೇ ಬರುತ್ತದೆ. ಹಾಗಿದ್ದೂ ಪಾಠ ಯೋಜನೆ, ಮನಃಶಾಸ್ತ್ರ ಅಂತ ಇಷ್ಟೆಲ್ಲ ಯಾಕೆ ಓದಬೇಕು?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಒಬ್ಬ ವಿದ್ಯಾರ್ಥಿನಿ ಬೋರ್ಡಿನ ಮೇಲೆ (ಎ+ಬಿ)² ಅಂದರೆ ಎ²+ಬಿ² ಅಂತ ಬರೆದಳು ಅನ್ನಿ. ತಪ್ಪು ಅಂತ ಹೇಳಲು ಗಣಿತ ಗೊತ್ತಿದ್ದರೆ ಸಾಕು. ಅವಳು ಯಾಕೆ ಹಾಗೆ ಬರೆದಳು, 2(ಎ+ಬಿ)ಯನ್ನು 2ಎ+2ಬಿ ಅಂತ ಬಿಡಿಸಿದ ಅಭ್ಯಾಸವೇ ಇಲ್ಲೂ ನುಗ್ಗಿತಾ, ಒಂದು ಚೌಕ ಬರೆದು ನಾಲ್ಕು ಭಾಗ ಮಾಡಿ ತೋರಿಸಿದರೆ ಬಿಟ್ಟುಹೋದ 2ಎಬಿ ಅವಳ ಕಣ್ಣಿಗೆ ಬೀಳುತ್ತಾ ಅಂತೆಲ್ಲ ಆ ಕ್ಷಣದಲ್ಲೇ ಹೊಳೆಯಬೇಕಲ್ವಾ, ಅದು ಬೇರೆಯೇ ತಿಳುವಳಿಕೆ. ವಿಷಯವೂ ಕಲಿಸುವ ಬಗೆಯೂ ಬೆರೆತ ಈ ತಿಳುವಳಿಕೆಗೆ ಅಮೆರಿಕದ ಶಿಕ್ಷಣ ಮನಃಶಾಸ್ತ್ರಜ್ಞ ಲೀ ಶುಲ್ಮನ್ 1986ರಲ್ಲೇ ‘ಪೆಡಗಾಜಿಕಲ್ ಕಂಟೆಂಟ್ ನಾಲೆಡ್ಜ್’ ಅಂತ ಹೆಸರು ಕೊಟ್ಟರು.

ಕೆಲವು ಥಿಯರಿ ಪೇಪರ್‌ಗಳು ಒಣಗಿದಂತೆಯೇ ಇರುತ್ತವೆ, ನಿಜ. ಅಭ್ಯಾಸ ಪಾಠಗಳನ್ನು ಮಾತ್ರ ಸುಮ್ನೆ ಮುಗಿಸಬೇಡಿ. ಅಲ್ಲೇ ಜಾಸ್ತಿ ಕಲಿಯುವುದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ 1 ಸೆಕೆಂಡಿನಷ್ಟೇ ಕಾಯುತ್ತಾರೆ ಅಂತ 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಬರೆದರು. 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತಿತ್ತು, ತಾವಾಗಿಯೇ ಮಾತಾಡುವವರೂ ಹೆಚ್ಚುತ್ತಿದ್ದರು. ನಿಮ್ಮ ಮುಂದಿನ ಪಾಠದಲ್ಲಿ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ. ಆ ಮೌನ ತುಂಬಾ ಉದ್ದ ಅನ್ನಿಸುತ್ತದೆ. ತಡೆದುಕೊಳ್ಳಿ.