ನವನಗರದ ಸಿಂಕಿನ ಪ್ರಶ್ನೆಗೆ: ಕುದಿನೀರು ನಿಲ್ಲಸ್ರಿ, ಮೊದ್ಲ ಹಿತ್ತಲದ ಚೇಂಬರ್ ಮುಚ್ಚಳ ತಗೀರಿ

ನವನಗರದ ಅಕ್ಕಾರ, ನಿಮ್ಮ ಪೋಸ್ಟ್ ಓದಿ ಸುಮ್ನ ಮುಂದ ಹೋಗಬೇಕಂದ್ನಿ, ಕೈ ತಡಿಲಿಲ್ಲ. ‘ಡಿಸೆಂಬರ್ ಹಿಡದು ದಿನಾ ಸಿಂಕಿನ ನೀರು ಇಳಿವಲ್ದು, ಕಾಸ್ಟಿಕ್ ಪುಡಿ ಹಾಕಿ ಮ್ಯಾಲೆ ಕುದಿನೀರು ಸುರದೇನಿ, ಒಂದು ತಾಸು ಚಲೋ ಹೋಗಿ ಮತ್ತ ಕಟ್ಟತೈತಿ, ಇವತ್ತು ರಾತ್ರಿ ಡಬಲ್ ಹಾಕ್ತೀನಿ’ ಅಂತ ಬರದೀರಿ. ಹಾಕಬ್ಯಾಡ್ರಿ, ಕಾಸ್ಟಿಕ್ ಅಂದ್ರ ತೊಗಲು ಸುಡೂ ಕ್ಷಾರ. ಇದ ಡಬಲ್ ನಾನೂ ಹಾಕಿ, ಗೋಡಿ ಹೊರಗಿನ ಪೈಪ್ ಕೊಯ್ಸಿ ಕುಂತೇನಿ.

ಕೆಳಗ ಕಾಮೆಂಟಿನ್ಯಾಗ ಒಬ್ರು ಅಮೆರಿಕಾದ ವಿಡಿಯೋ ಹಾಕಿ ‘ಥಂಡಿಗೆ ಪೈಪಿನಾಗ ನೀರು ಬರ್ಫ ಆಗಿರ್ತೈತಿ, ಪೈಪ್ ಬೆಚ್ಚಗಿಡೂ ಹೀಟ್ ಟೇಪ್ ಸುತ್ರಿ’ ಅಂದಾರ. ನಮ್ಮ ತಂಗಿ ಚಿಕಾಗೋದಾಗ ಇರ್ತಾಳ, ಅಲ್ಲಿ ಖರೇನ ಆಗತೈತಿ. ಸೊನ್ನಿಗಿಂತ ಇಪ್ಪತ್ತು ಡಿಗ್ರಿ ಕೆಳಗ ಹೋದಾಗ ಸಿಂಕಿನ ಕೆಳಗಿನ ಕಪಾಟಿನ ಬಾಗಲಾ ತಗದಿಟ್ಟು ಮಲಗ್ತಾರ, ಮನಿ ಒಳಗಿನ ಬೆಚ್ಚನ ಗಾಳಿ ಪೈಪಿಗೆ ತಾಗಲಿ ಅಂತ. ಹುಬ್ಬಳ್ಳಿ-ಧಾರವಾಡದಾಗ ಚಳಿಗಾಲದ ರಾತ್ರಿ 13–14 ಡಿಗ್ರಿ ಅಂದ್ರ ಹೆಚ್ಚಾತು. ನೀರಿಗೆ ಏನೂ ಆಗಂಗಿಲ್ಲ, ಗಟ್ಟಿ ಆಗೂದು ಜಿಡ್ಡು. ಕೊಬ್ರಿ ಎಣ್ಣಿ 24 ಡಿಗ್ರಿಗೇ ಹೆಪ್ಪಾಗತೈತಿ, ತುಪ್ಪ ಡಾಲ್ಡಾ ಅದಕ್ಕಿಂತ ಮೊದ್ಲ. ಶೇಂಗಾ ಎಣ್ಣಿ ಪಾಪ ಇಷ್ಟು ಥಂಡಿಗೆ ನೀರಾಗೇ ಇರ್ತೈತಿ, ಅದನ್ನ ಬೈಬ್ಯಾಡ್ರಿ. ಎಳ್ಳಮಾಸಿ ಮುಗದು ಸಂಕ್ರಮಣ ಬರೂತನ ನಮ್ಮ ಕಡೆ ಸಿಂಕ್ ಕಟ್ಟೂದು ಯಾಕಂದ್ರ, ಹೋಳಿಗಿ ತುಪ್ಪದ ತಾಟು, ಬೆಣ್ಣಿ ಕಾಸಿದ ಬೋಗಾಣಿ ಎಲ್ಲಾ ತಣ್ಣೀರಾಗ ತೊಳಿತೀವಿ. ಅದರ ಮ್ಯಾಲೆ ರೊಟ್ಟಿ ಹಿಟ್ಟು ನಾದಿದ ಪರಾತದ ನೀರು. ತುಪ್ಪ ಪೈಪಿಗೆ ಬಳಕೋತೈತಿ, ಜ್ವಾಳದ ಹಿಟ್ಟು ಅದರ ಮ್ಯಾಲೆ ಗಿಲಾಯ ಮಾಡತೈತಿ.

ಈಗ ನಂದು ಕೇಳ್ರಿ. ಧಾರವಾಡದ ಮಾಳಮಡ್ಡಿಯೊಳಗ ಬಾಡಿಗಿ ಮನಿ, ಜನವರಿ, ಆಯಿತವಾರ. ನಿಮ್ಮಂಗ ಒಂದು ವಾರ ಕುದಿನೀರು ಹಾಕಿ, ಕಡೀಕ ಒಂದು ಪೂರಾ ಪಾಕೀಟು ಕಾಸ್ಟಿಕ್ ಸುರದು, ಮ್ಯಾಲೆ ಮೂರು ಬೋಗಾಣಿ ಕುದಿನೀರು. ಗುಳುಗುಳು ಅಂತ ಇಳೀತು ನೋಡ್ರಿ, ಮನಿಯವರಿಗೆ ‘ನೋಡಿದ್ಯಾ?’ ಅಂತ ಹುಬ್ಬು ಹಾರಿಸಿದ್ನಿ. ಅರ್ಧ ತಾಸಿಗೆ ಹೊಳ್ಳಿ ಮ್ಯಾಲೆ ಬಂತು, ಈ ಸಲ ಒಂದು ಹನಿನೂ ಇಳಿವಲ್ದು. ಆಗಿದ್ದೇನಂದ್ರ ಸಿಂಕಿನ ಕೆಳಗ ಕರಗಿದ ಜಿಡ್ಡು ಗೋಡಿ ದಾಟಿ ಹಿತ್ತಲದ ಪೈಪಿಗೆ ಹೋತು. ಅದು ಬಡಗಣ ಗೋಡಿ, ಚಳಿಗಾಲದಾಗ ಬಿಸಿಲ ಮಾರಿ ಕಾಣಂಗಿಲ್ಲ. ಅಲ್ಲಿ ತಣ್ಣಗಾಗಿ ಕುಂತತು. ಕಾಸ್ಟಿಕ್ ಮತ್ತ ಕೊಬ್ಬು ಕೂಡಿದ್ರ ಏನಾಗತೈತಿ? ಸಬಕಾರ. ಅದೂ ಬೋರ್ ನೀರಾಗ, ಸುಣ್ಣ ಇರೂ ಗಡಸು ನೀರಾಗ, ಕರಗದ ಸಬಕಾರ. ಪ್ಲಂಬರ್ ಪೈಪ್ ಕೊಯ್ದಾಗ ಒಳಗ ಗೇಣುದ್ದ ಬೆಳ್ಳನ ಗಟ್ಟಿ, ಸ್ಕ್ರೂಡ್ರೈವರಿಗೂ ಜಗ್ಗಲಿಲ್ಲ. ಸಿಂಕಿನಾಗ ಮರತು ಬಿಟ್ಟಿದ್ದ ಅಲ್ಯೂಮಿನಿಯಂ ಬೋಗಾಣಿ ಬುರುಗು ಬಂದು ಕರ್ರಗಾಗಿತ್ತು. ಸಿಂಕಿನ ಕೆಳಗಿನ ಸುರಳಿ ಪೈಪ್ ಕುದಿನೀರಿಗೆ ಮೆತ್ತಗಾಗಿ ಜೋತು ಬಿದ್ದಿತ್ತು. ಸಾದಾ ಪಿವಿಸಿ 60 ಡಿಗ್ರಿ ಮ್ಯಾಲೆ ತಾಳಂಗಿಲ್ರಿ, ನಾವು ಹಾಕೂದು ನೂರು! ಎಲ್ಲಾಕಿಂತ ಕೆಟ್ಟದ್ದು, ನಿಂತ ನೀರಾಗ ಕಾಸ್ಟಿಕ್ ಐತಿ ಅಂತ ನಾ ಪ್ಲಂಬರಿಗೆ ಹೇಳೇ ಇರಲಿಲ್ಲ. ಆ ಮನುಷ್ಯಾ ಬರಿಗೈಲೆ ಟ್ರ್ಯಾಪ್, ಅಂದ್ರ ಸಿಂಕಿನ ಕೆಳಗ ನೀರು ನಿಲ್ಲೂ ಬಾಗಿದ ತುಂಡು, ಬಿಚ್ಚಿದ. ಅಂಗೈ ತೊಗಲು ಎದ್ದು ಹೋತು. ಇವತ್ತಿಗೂ ಎದುರಿಗೆ ಸಿಕ್ರ ನನಗ ತಲಿ ಎತ್ತಾಕ ಆಗಂಗಿಲ್ಲ.

ಅದಕ್ಕ ಈಗ ನಿಮ್ಮ ಸಿಂಕಿನಾಗ ನಿಂತಿದ್ದು ನೀರಲ್ಲ, ಕಾಸ್ಟಿಕ್ ಅಂತ ತಿಳಕೋರಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕ್ಕೊಂಡು, ಪ್ಲಾಸ್ಟಿಕ್ ಮಗ್ಗಲೆ ತೋಡಿ ಬಕೀಟಿಗೆ ಹಾಕ್ರಿ. ಹುಡುಗರನ್ನ ಹೊರಗ ಕಳಸ್ರಿ. ಪ್ಲಂಜರ್ ಒತ್ತಬ್ಯಾಡ್ರಿ, ಮುಖಕ್ಕ ಹಾರತೈತಿ. ‘ಅದರ ಮ್ಯಾಲೆ ಹಾರ್ಪಿಕ್ ಹಾಕ್ರಿ’ ಅಂದಾರಲ್ಲ, ಅವರು ದಯಮಾಡಿ ಆ ಕಾಮೆಂಟ್ ಅಳಸ್ರಿ. ಹಾರ್ಪಿಕ್ ಆಸಿಡ್, ಇದು ಕ್ಷಾರ, ಕೂಡಿದ್ರ ಕುದ್ದು ಸಿಡಿತೈತಿ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಕೂಡಿಸಿದ್ರಂತೂ ಕ್ಲೋರಿನ್ ಗ್ಯಾಸ್. ಅಡಗಿ ಸೋಡಾ-ವಿನೆಗರ್ ಮಂದಿಗೆ ಏನೂ ಹೇಳಂಗಿಲ್ಲ, ಒಂದನ್ನೊಂದು ತಿಂದು ಉಪ್ಪುನೀರು ಆಗತಾವ, ಬುರುಗು ನೋಡಾಕ ಚಂದ ಅಷ್ಟ.

ಇನ್ನ ಎಲ್ಲಿ ಕಟ್ಟೇತಿ ಅನ್ನೂದು. ನಿಮ್ಮದು ರಾತ್ರಿಯಿಡೀ ಹನಿಹನಿ ಇಳದು ಮುಂಜಾನೆ ಖಾಲಿ ಆಗಿರ್ತೈತಿ ಅಂದೀರಿ, ಹಂಗಿದ್ರ ಈ ಲೆಕ್ಕ ನಡಿತೈತಿ. ಎರಡಿಂಚಿನ ಪೈಪ್ ಒಂದು ಮೀಟರಿಗೆ ಹತ್ತಿರ ಹತ್ತಿರ ಎರಡು ಲೀಟರ್ ಹಿಡಿತೈತಿ. ಮುಂಜಾನೆ ಲೀಟರ್ ಮಾಪಿನ್ಯಾಗ ಅಳದು ಸುರೀರಿ. ಮೊದ್ಲನೇ ಲೀಟರಿಗೇ ನಿಂತ್ರ ಕಟ್ಟಿದ್ದು ಸಿಂಕಿನ ತೂತಿನ ಜಾಳಿ ಇಲ್ಲಾ ಟ್ರ್ಯಾಪಿನ್ಯಾಗ, ಬಿಚ್ಚಿ ತೊಳದ್ರ ಮುಗೀತು. ಎಂಟು ಲೀಟರ್ ಕುಡದು ನಿಂತ್ರ ನಾಕು ಮೀಟರ್ ಆಚೆ, ಅಂದ್ರ ಹಿತ್ತಲದಾಗ. ಕರೆಕ್ಟ್ ಬರಂಗಿಲ್ಲ, ಜಿಡ್ಡು ಬಳಕೊಂಡ ಪೈಪ್ ಸಣ್ಣಾಗಿರ್ತೈತಿ, ಆದ್ರ ಗೋಡಿ ಈಚೆನೋ ಆಚೆನೋ ಅಷ್ಟು ಗೊತ್ತಾದ್ರ ಸಾಕು. ಬಚ್ಚಲದ ನೀರೂ ನಿಂತಿದ್ರ ಈ ಲೆಕ್ಕ ಬಿಡ್ರಿ, ಆಗ ಕಟ್ಟಿದ್ದು ಎಲ್ಲಾ ನೀರು ಕೂಡೂ ದೊಡ್ಡ ಲೈನಿನ್ಯಾಗ. ಅಪಾರ್ಟ್‌ಮೆಂಟ್ ಆದ್ರ ಮ್ಯಾಲಿನವರ ಜಿಡ್ಡೂ ನಿಮ್ಮದ.

ಗೋಡಿ ಆಚೆ ಇದ್ರ ನಾ ಮಾಡೂದು ಇದು: ಸಿಂಕಿನ ಕಡೆಯಿಂದ ದೂಡೂದಿಲ್ಲ, ಚೇಂಬರ್ (ಹಿತ್ತಲದಾಗ ಪೈಪ್ ಬಂದು ಕೂಡೂ ಮುಚ್ಚಳದ ಗುಂಡಿ) ಕಡೆಯಿಂದ ಜಗ್ಗೂದು. ಎಲೆಕ್ಟ್ರಿಷಿಯನ್ನರು ಗೋಡಿ ಪೈಪಿನ್ಯಾಗ ವೈರ್ ಎಳ್ಯಾಕ ಇಟ್ಕೊಂಡಿರ್ತಾರಲ್ಲ ನೈಲಾನ್ ಸ್ಪ್ರಿಂಗ್, ತುದಿಗೆ ಸಣ್ಣ ಕಣ್ಣು ಇರ್ತೈತಿ, ಅದು. ಸುಭಾಸ ರೋಡಿನ ಹಾರ್ಡ್‌ವೇರ್ ಅಂಗಡ್ಯಾಗ ತಗೊಂಡೆ, ಐದು ವರ್ಷ ಆತು, ಓಣಿ ತುಂಬ ಸಾಲಾ ಹೋಗಿ ಬರತೈತಿ. ಚೇಂಬರಿನಿಂದ ತಿರುವುಕೋತ ತುರುಕ್ರಿ, ಸಿಂಕಿನ ಕೆಳಗ ಟ್ರ್ಯಾಪ್ ಬಿಚ್ಚಿದಲ್ಲಿ ತುದಿ ಹೊರಗ ಬರಲಿ. ಸ್ಪ್ರಿಂಗಿನ ತುದಿ ಕಣ್ಣಿಗೆ ಹಳೇ ನೈಲಾನ್ ಭಾಂಡೆ ತಿಕ್ಕೂ ಜಾಳಿ ಕಟ್ರಿ, ಅದರ ಹಿಂದ ಇನ್ನೊಂದು ಹಗ್ಗ. ಹಗ್ಗ ಮರೀಬ್ಯಾಡ್ರಿ! ಜಾಳಿ ನಡಬರಕ ಸಿಕ್ಕೊಂಡ್ರ ಹೊಳ್ಳಿ ಜಗ್ಗಾಕ ಅದ ಗತಿ. ಆಮ್ಯಾಲೆ ಇಬ್ಬರು ನಿಂತು ಆ ಕಡೆ ಈ ಕಡೆ ಮಜ್ಜಿಗಿ ಕಡಗೋಲು ಜಗ್ಗಿದಂಗ ಜಗ್ಗೂದು. ಹೊರಗ ಬರೂ ಮಾಲು ನೋಡಿದ್ರ ಎರಡು ದಿನ ತುಪ್ಪ ಸೇರಂಗಿಲ್ಲ. ಅದನ್ನ ಚೇಂಬರಿನ್ಯಾಗ ಮುಂದ ದೂಡಬ್ಯಾಡ್ರಿ, ಬಕೀಟಿಗೆ ತುಂಬ್ರಿ, ಇಲ್ಲಂದ್ರ ಗಟಾರದಾಗ ಮತ್ತ ಹೆಪ್ಪಾಗತೈತಿ. ಲಂಡನ್ನಿನಾಗ 2017ರಾಗ ಇಂಥದ ಜಿಡ್ಡಿನ ಗಡ್ಡಿ 250 ಮೀಟರ್ ಉದ್ದ, 130 ಟನ್ ಬೆಳದಿತ್ತು. ಕಡೀಕ ನಳದ ಬಿಸಿ, ಕೈಗೆ ತಾಳೂವಷ್ಟು ಬಿಸಿ, ಎರಡು ಬಕೀಟು ವಿಮ್ ಕಲಸಿದ ನೀರು.

ಪೈಪ್ ತಿರುಗೂ ಮೂಲಿಯೊಳಗ ಹಾಕೂ 90 ಡಿಗ್ರಿ ಎಲ್ಬೋ ಎರಡು ಮೂರು ಸಾಲಾಗಿ ಇದ್ರ ಸ್ಪ್ರಿಂಗ್ ತಿರುಗಂಗಿಲ್ಲ. ಆಗ ಪ್ಲಂಬರ್ ಕಡೆಯಿಂದ ಎಲ್ಬೋ ತಗಸಿ ಬಿಚ್ಚಿ ತೊಳ್ಯಾಕ ಬಾಗಲಾ ಇರೂ ಬೆಂಡ್ ಹಾಕಸ್ರಿ. ಸುಪ್ರೀಂ, ಆಶೀರ್ವಾದ್, ಯಾವುದಾದ್ರೂ ಆತು, ಪೈಪ್ ಎಲ್ಲಾ ಒಂದ. ಇಳಿಜಾರು ನೋಡ್ರಿ, ಅಡಿಗೆ ಕಾಲಿಂಚು. ಟ್ರ್ಯಾಪ್ ಹೊಳ್ಳಿ ಕೂಡಿಸುವಾಗ ಎಂ-ಸೀಲ್ ಮೆತ್ತಬ್ಯಾಡ್ರಿ, ಮುಂದಿನ ವರ್ಷ ಬಿಚ್ಚೂದು ನೀವ. ವಾಷರ್ ಹೊಸದು ಹಾಕಿ ಕೈಲೆ ಬಿಗಿ ಮಾಡ್ರಿ, ಪಾನಾ ಹಚ್ಚಿದ್ರ ಪ್ಲಾಸ್ಟಿಕ್ ಸೀಳತೈತಿ.

ಇನ್ನೊಂದು, ಇದು ಯಾರೂ ಹೇಳಂಗಿಲ್ಲ. ನಮ್ಮ ಊರಾಗ ನೀರು ದಿನಾ ಬರದ ಓಣಿಯವರು ತಂಬಿಗಿ ತಂಬಿಗಿ ಹಾಕಿ ಭಾಂಡೆ ತೊಳಿತೀವಿ. ಪೈಪಿನ್ಯಾಗ ನೀರು ಬರೇ ತಳಾ ನೆಕ್ಕಿ ಹೋಗತೈತಿ, ಜಿಡ್ಡು ಕೊಚ್ಚೂ ಜೋರಿರಂಗಿಲ್ಲ. ನೀರು ಬಿಟ್ಟ ದಿನ ಸಿಂಕಿನ ತೂತಿಗೆ ಬೂಚು ಹಾಕಿ ಕಂಠಮಟ ತುಂಬಿ ಒಮ್ಮೆಲೆ ಬಿಡ್ರಿ, ಕಾಯಿಪಲ್ಲೆ ತೊಳದ ನೀರಾದ್ರೂ ನಡಿತೈತಿ. ತುಪ್ಪದ ಭಾಂಡೆ ಮೊದ್ಲ ಹಳೇ ಪೇಪರಿನಲೆ ಒರಸ್ರಿ. ಪರಾತದ ಹಿಟ್ಟು ಒಣಗಿಸಿ ಕೆರದು ಗುಬ್ಬಿಗೆ ಹಾಕ್ರಿ. ನಮ್ಮ ಅವ್ವನ ಕಾಲಕ್ಕ ಮುಸುರಿ ನೀರು ಎಮ್ಮಿಗೆ ಹೋಗತಿತ್ತು, ಎಮ್ಮಿ ಇದ್ದತನ ಮನಿ ಮೋರಿ ಕಟ್ಟಿದ್ದು ನನಗ ನೆನಪಿಲ್ಲ. ಬೂದಿ ಹಚ್ಚಿ ತಿಕ್ಕೋರು ಮಾತ್ರ ಬೂದಿ ಪೈಪಿಗೆ ಬಿಡಬ್ಯಾಡ್ರಿ, ಅದು ಸಿಮೆಂಟ್ ಇದ್ದಂಗ.

ಅಕ್ಕಾರ, ನಿಮ್ಮ ಎರಡನೇ ಫೋಟೋದಾಗ ಹಿತ್ತಲದ ಚೇಂಬರ್ ಮುಚ್ಚಳದ ಮ್ಯಾಲೆ ತುಳಸಿ ಕುಂಡ ಇಟ್ಟೀರಿ. ಎಷ್ಟು ವರ್ಷದಿಂದ ಐತಿ ಅದು? ಮೊದ್ಲ ಅದನ್ನ ಸರಸ್ರಿ, ಮುಚ್ಚಳ ತಗದು ಒಂದು ಫೋಟೋ ಹಾಕ್ರಿ.